ಅಮೆರಿಕಕ್ಕೆ ಕಾಡಿಗೆ, ಕುಂಕುಮ, ತಲೆಗೆಣ್ಣೆ ಕಳಿಸಬೇಕು: ಅಲ್ಲಿಯ ಸೌಂದರ್ಯ ಸಾಧನಗಳ ಮೋಕ್ರಾ ಕಾನೂನು ಗೊತ್ತಿದ್ದವರು ದಯವಿಟ್ಟು ತಿಳಿಸಿ

ಶಿರಸಿ_ಸೀಗೆ:

ಎಲ್ಲರಿಗೂ ನಮಸ್ಕಾರ. ಶಿರಸಿ ಹತ್ತಿರ ನಮ್ಮದೊಂದು ಸಣ್ಣ ಘಟಕವಿದೆ. ಕೆಲಸ ಮಾಡುವವರೆಲ್ಲ ಊರಿನ ಹೆಂಗಸರೇ. ಸೀಗೆಪುಡಿ, ಭೃಂಗರಾಜ ಹಾಕಿ ಕಾಯಿಸಿದ ತಲೆಗೆಣ್ಣೆ, ಕಡಲೆಹಿಟ್ಟಿನ ಸ್ನಾನದ ಪುಡಿ, ಹರಳೆಣ್ಣೆ ದೀಪದ ಮಸಿ ಹಿಡಿದು ಮಾಡುವ ಕಾಡಿಗೆ, ಕುಂಕುಮ. ಕಾಸ್ಮೆಟಿಕ್ಸ್ ರೂಲ್ಸ್ 2020ರ ಪ್ರಕಾರ ಸಿಒಎಸ್-8 ತಯಾರಿಕಾ ಲೈಸೆನ್ಸ್ ಇದೆ, ಇಲ್ಲಿಯ ಇನ್‌ಸ್ಪೆಕ್ಷನ್ ಎಲ್ಲ ಆಗಿದೆ.

ನ್ಯೂಜೆರ್ಸಿಯ ವಿತರಕರೊಬ್ಬರು ನಮ್ಮ ಮಾಲು ಬೇಕೆಂದಿದ್ದಾರೆ. ದರದ ಮಾತುಕತೆ ಮುಗಿಯಿತು ಅಂದುಕೊಳ್ಳುವಷ್ಟರಲ್ಲಿ ಉದ್ದದ ಇಮೇಲ್ ಬಂತು. ಎಫ್‌ಡಿಎಯಲ್ಲಿ (ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ) ಘಟಕ ನೋಂದಣಿ, ಉತ್ಪನ್ನಗಳ ಲಿಸ್ಟಿಂಗ್ (ಅವರ ಪಟ್ಟಿಗೆ ಸೇರಿಸುವುದು), ಅಮೆರಿಕದ ಏಜೆಂಟ್ ಯಾರು, ಪ್ರತಿ ಉತ್ಪನ್ನಕ್ಕೂ ಸುರಕ್ಷತಾ ಫೈಲ್, ಅಡ್ಡಪರಿಣಾಮ ವರದಿ ಮಾಡುವ ವ್ಯವಸ್ಥೆ, ಇಷ್ಟೂ ಬೇಕಂತೆ. ಜೊತೆಗೊಂದು ಕರಾರು: ಗ್ರಾಹಕರು ದಾವೆ ಹಾಕಿದರೆ ಪೂರ್ತಿ ಖರ್ಚು ನಮ್ಮ ತಲೆಗೆ.

ಇಲ್ಲಿ ಲೈಸೆನ್ಸ್ ಇದ್ದಮೇಲೆ ಅಲ್ಲಿ ನಮಗೆ ನಿಜವಾಗಿ ಏನು ಅಪಾಯವಿದೆ? ಸಹಿ ಹಾಕುವ ಮೊದಲು ತಿಳಿದುಕೊಳ್ಳಬೇಕು. ಹತ್ತಾರು ಮನೆಯ ಊಟದ ಪ್ರಶ್ನೆ.

ಎಡಿಸನ್_ಕನ್ನಡಿಗ:

ಅಕ್ಕ, ನಾನು ಇಲ್ಲಿ ಕಾಸ್ಮೆಟಿಕ್ಸ್ ಕಂಪನಿಗಳ ರೆಗ್ಯುಲೇಟರಿ ಕೆಲಸದಲ್ಲೇ ಇದ್ದೇನೆ. ಗೊತ್ತಿರುವಷ್ಟು ಬರೆಯುತ್ತೇನೆ.

ಅಮೆರಿಕದಲ್ಲಿ ಸೌಂದರ್ಯ ಸಾಧನಗಳ ಮೂಲ ಕಾನೂನು 1938ರದ್ದು. ಅದಕ್ಕೂ ಮೊದಲು ಲ್ಯಾಶ್ ಲ್ಯೂರ್ ಅನ್ನುವ ರೆಪ್ಪೆಯ ಬಣ್ಣದಿಂದ ಹೆಂಗಸರ ಕಣ್ಣು ಹೋಗಿ, ಸಾವೂ ಆಗಿ ಗಲಾಟೆಯಾಗಿತ್ತು. ಆಮೇಲೆ ಎಂಬತ್ತು ವರ್ಷಕ್ಕೂ ಮಿಕ್ಕಿ ದೊಡ್ಡ ತಿದ್ದುಪಡಿ ಆಗಲೇ ಇಲ್ಲ. ಕಂಪನಿಗಳು ಮನಸ್ಸಿದ್ದರೆ ನೋಂದಾಯಿಸಬಹುದಿತ್ತು, ಇಲ್ಲದಿದ್ದರೆ ಇಲ್ಲ. 2022ರ ಡಿಸೆಂಬರ್ 29ರಂದು ಸಹಿಯಾದ ಮೋಕ್ರಾ ಅದನ್ನು ಬದಲಿಸಿತು. ಘಟಕ ನೋಂದಣಿ ಕಡ್ಡಾಯ, ಎರಡು ವರ್ಷಕ್ಕೊಮ್ಮೆ ನವೀಕರಣ. ಉತ್ಪನ್ನ ಮಾರುಕಟ್ಟೆಗೆ ಬಂದ 120 ದಿನದೊಳಗೆ ಲಿಸ್ಟಿಂಗ್. ನೋಂದಣಿ, ಲಿಸ್ಟಿಂಗ್ ವಿಚಾರದಲ್ಲಿ 2024ರ ಜುಲೈ 1ರವರೆಗೆ ಎಫ್‌ಡಿಎ ಸುಮ್ಮನಿತ್ತು, ಈಗ ಆ ರಿಯಾಯಿತಿ ಇಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನೋಂದಣಿಗೆ ಎಫ್‌ಡಿಎ ಒಂದು ಡಾಲರ್ ಕೂಡ ತೆಗೆದುಕೊಳ್ಳುವುದಿಲ್ಲ, ಸರ್ಟಿಫಿಕೇಟನ್ನೂ ಕೊಡುವುದಿಲ್ಲ. ಹದ್ದಿನ ಚಿತ್ರ, ಚಿನ್ನದ ಮೊಹರು ಇರುವ ಕಾಗದ ತೋರಿಸಿ ದುಡ್ಡು ಕೇಳುವವರು ಬಹಳ ಇದ್ದಾರೆ, ನಂಬಬೇಡಿ. ಏಜೆಂಟ್ ಸೇವೆಗೆ ಶುಲ್ಕ ಇರುತ್ತದೆ, ಅದು ಬೇರೆ. ನೋಂದಣಿಯಾದ ಮಾತ್ರಕ್ಕೆ ಎಫ್‌ಡಿಎ ಒಪ್ಪಿಗೆ ಸಿಕ್ಕಂತೆ ಅಲ್ಲ. ಡಬ್ಬಿಯ ಮೇಲೆ ‘ಎಫ್‌ಡಿಎ ಅಪ್ರೂವ್ಡ್’ ಎಂದು ಅಚ್ಚು ಹಾಕಿದರೆ ಅದೇ ಇನ್ನೊಂದು ತಪ್ಪಾಗುತ್ತದೆ.

ಇಲ್ಲಿಯ ಕಾನೂನು ಮುಖ್ಯವಾಗಿ ಹುಡುಕುವುದು ‘ಜವಾಬ್ದಾರ ವ್ಯಕ್ತಿ’ ಯಾರು ಎಂದು. ತಯಾರಕರು, ಪ್ಯಾಕ್ ಮಾಡುವವರು, ವಿತರಕರು, ಇವರಲ್ಲಿ ಲೇಬಲ್ ಮೇಲೆ ಯಾರ ಹೆಸರಿದೆಯೋ ಅವರು. ನಿಮ್ಮ ಹೆಸರಿದ್ದರೆ ಅದು ನೀವೇ.

ಹುಬ್ಬಳ್ಳಿ_ಎಕ್ಸ್‌ಪೋರ್ಟ್:

ಅಕ್ಕಾರ, ಇಷ್ಟ್ಯಾಕ ಹೆದರ್ತೀರಿ? ನಮ್ಮ ಪರಿಚಯದವ್ರು ವರ್ಷಾನುಗಟ್ಲೆ ಕೊರಿಯರ್‌ದಾಗ ಕಳಸ್ಲಿಕತ್ತಾರ. ಯಾರೂ ಏನೂ ಕೇಳಿಲ್ಲ. ಮ್ಯಾಲೆ ಸಣ್ಣ ಕಂಪನಿಗೆ ವಿನಾಯಿತಿ ಐತಿ ಅಂತ ನಾ ಓದೀನಿ. ಹತ್ತು ಲಕ್ಷ ಡಾಲರ್ ವ್ಯಾಪಾರ ಆಗೂತನಕಾ ನೋಂದಣೀನ ಬೇಕಾಗಿಲ್ಲ. ಎಡಿಸನ್ ಸಾಹೇಬ್ರು ಅದನ್ನ ಹೇಳ್ಲೇ ಇಲ್ಲ.

ಎಡಿಸನ್_ಕನ್ನಡಿಗ:

ಹೌದು ಸರ್, ವಿನಾಯಿತಿ ಇದೆ. ಅಮೆರಿಕದಲ್ಲಿ ಕಾಸ್ಮೆಟಿಕ್ಸ್ ಮಾರಾಟ ಹಿಂದಿನ ಮೂರು ವರ್ಷದ ಸರಾಸರಿಯಲ್ಲಿ 10 ಲಕ್ಷ ಡಾಲರ್‌ಗಿಂತ ಕಡಿಮೆ ಇದ್ದರೆ (ಹಣದುಬ್ಬರಕ್ಕೆ ತಕ್ಕಂತೆ ಆ ಮೊತ್ತ ಏರುತ್ತದೆ) ನೋಂದಣಿ, ಲಿಸ್ಟಿಂಗ್, ಉತ್ತಮ ತಯಾರಿಕಾ ಪದ್ಧತಿಯ ನಿಯಮ ಈ ಮೂರರಿಂದ ಬಿಡುಗಡೆ. ಮೂರರಿಂದ ಮಾತ್ರ. ಸುರಕ್ಷತೆಗೆ ಪುರಾವೆ ಇಡುವುದು, ಗಂಭೀರ ಅಡ್ಡಪರಿಣಾಮ ವರದಿ ಮಾಡುವುದು, ಲೇಬಲ್ ನಿಯಮ ಇವೆಲ್ಲ ಸಣ್ಣವರಿಗೂ ಇವೆ. ದಾಖಲೆ ಇಡುವ ಅವಧಿ ಮಾತ್ರ ಆರು ವರ್ಷದ ಬದಲು ಮೂರು ವರ್ಷ.

ಇನ್ನೊಂದು ವಿಷಯ. ಕಣ್ಣಿನ ಒಳಪೊರೆಗೆ ತಾಗುವಂಥ ಉತ್ಪನ್ನ ಮಾಡುವವರಿಗೆ ಈ ವಿನಾಯಿತಿ ಇಲ್ಲವೇ ಇಲ್ಲ, ವ್ಯಾಪಾರ ಎಷ್ಟೇ ಚಿಕ್ಕದಿರಲಿ. ಅಂದರೆ ಅಕ್ಕನ ಪಟ್ಟಿಯಲ್ಲಿರುವ ಕಾಡಿಗೆ.

ಕಾಡಿಗೆಯದು ಅದಕ್ಕಿಂತ ದೊಡ್ಡ ತೊಡಕು ಇದೆ. ಅಮೆರಿಕದಲ್ಲಿ ಬಣ್ಣ ಕೊಡುವ ಪ್ರತಿ ವಸ್ತುವೂ ಅನುಮತಿ ಪಟ್ಟಿಯಲ್ಲಿ ಇರಬೇಕು. ಸೀಸದ ಸಲ್ಫೈಡ್ ಇರುವ ಸುರಮಾ ಎಂದೂ ಆ ಪಟ್ಟಿಯಲ್ಲಿರಲಿಲ್ಲ, ಬಂದರಿನಲ್ಲೇ ಹಿಡಿಯುತ್ತಾರೆ. ಅಕ್ಕನ ಕಾಡಿಗೆಯಲ್ಲಿ ಸೀಸ ಇಲ್ಲ, ದೀಪದ ಮಸಿ. ಆದರೂ ನಡೆಯುವುದಿಲ್ಲ. ಅಲ್ಲಿ ಒಪ್ಪಿಗೆ ಇರುವ ಕಪ್ಪಿನಲ್ಲೊಂದು ‘ಡಿ ಅಂಡ್ ಸಿ ಬ್ಲ್ಯಾಕ್ ನಂಬರ್ 2’ ಎಂಬ ಶುದ್ಧೀಕರಿಸಿದ ಇಂಗಾಲ. ಅದರ ಒಂದೊಂದು ಬ್ಯಾಚನ್ನೂ ಎಫ್‌ಡಿಎ ಪರೀಕ್ಷಿಸಿ ಪ್ರಮಾಣಪತ್ರ ಕೊಟ್ಟಿರಬೇಕು. ತಾಮ್ರದ ತಟ್ಟೆಗೆ ಹಿಡಿದ ಮಸಿ ಎಷ್ಟೇ ಚೊಕ್ಕವಾಗಿದ್ದರೂ ಅದಲ್ಲ. ಐರನ್ ಆಕ್ಸೈಡ್ ಬಳಸಿ ಹೊಸ ಪಾಕ ಮಾಡಬಹುದು, ಆದರೆ ಆಗ ಅದು ನಿಮ್ಮ ಕಾಡಿಗೆಯಾಗಿ ಉಳಿಯುವುದಿಲ್ಲ.

ಮೆಹೆಂದಿಗೂ ಇದೇ ಕಥೆ. ತಲೆಕೂದಲಿಗೆ ಒಪ್ಪಿಗೆ ಇದೆ, ಅಂಗೈಗೆ ಹಚ್ಚಲು ಇಲ್ಲ.

ಪೀಣ್ಯ_ಲ್ಯಾಬ್:

ಮೇಡಂ, ನಾನು ಪರೀಕ್ಷಾಲಯದಲ್ಲಿ ಕೆಮಿಸ್ಟ್. ಕುಂಕುಮದ ಬಗ್ಗೆ ಸ್ವಲ್ಪ ಹೇಳಬೇಕು, ಯಾಕೆಂದರೆ ನಮ್ಮ ಟೇಬಲ್ ಮೇಲೆ ಹೆಚ್ಚು ತಲೆನೋವು ಕೊಡುವುದು ಅದೇ.

ಅರಿಸಿನಕ್ಕೆ ಸುಣ್ಣ, ಬಿಳಿಗಾರ, ನಿಂಬೆರಸ ಹಾಕಿ ಮಾಡಿದ ಕುಂಕುಮ ಮೊದಲ ದಿನ ಎಷ್ಟು ಚೆನ್ನಾಗಿದ್ದರೂ ಬೆಳಕಿಗೆ ಇಟ್ಟರೆ ಮಂಕಾಗುತ್ತದೆ. ಅಂಗಡಿಯಲ್ಲಿ ಜನ ಕೈ ಹಾಕುವುದು ಕಣ್ಣು ಕುಕ್ಕುವ ಕೆಂಪಿಗೆ. ಹಾಗಾಗಿ ಮಧ್ಯದ ವ್ಯಾಪಾರಿ ಪಿಷ್ಟ ಅಥವಾ ಟಾಲ್ಕ್ ಪುಡಿಗೆ ಬಣ್ಣ ಕೂಡಿಸುತ್ತಾನೆ. ಆ ಬಣ್ಣ ಯಾವುದು ಎಂದು ಕೇಳಿದರೆ ಅವನಿಗೂ ಗೊತ್ತಿರುವುದಿಲ್ಲ. ನ್ಯೂಜೆರ್ಸಿಯ ರಟ್‌ಗರ್ಸ್ ವಿಶ್ವವಿದ್ಯಾಲಯದವರು ಅಲ್ಲಿಯ ಭಾರತೀಯ ಅಂಗಡಿಗಳಿಂದಲೂ ಭಾರತದಿಂದಲೂ ಸಿಂಧೂರದ ಮಾದರಿ ತಂದು ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದ್ದರು. ಒಟ್ಟು 118 ಮಾದರಿ, ಸುಮಾರು 80 ಶೇಕಡದಲ್ಲಿ ಸೀಸ ಸಿಕ್ಕಿತ್ತು. ಆದ್ದರಿಂದ ಅಲ್ಲಿನವರಿಗೆ ಕೆಂಪು ಪುಡಿ ಎಂದರೆ ಮೊದಲೇ ಅನುಮಾನ.

ನೀವೇ ಮಾಡಿದ ಅರಿಸಿನದ ಕುಂಕುಮವಾದರೂ ಒಂದು ತೊಡಕು: ಅರಿಸಿನಕ್ಕೆ ಅಲ್ಲಿ ಆಹಾರದ ಬಣ್ಣವಾಗಿ ಒಪ್ಪಿಗೆ ಇದೆ, ಕಾಸ್ಮೆಟಿಕ್ಸ್‌ನ ಬಣ್ಣವಾಗಿ ಇಲ್ಲ.

ಸೀಸದ ಮಿತಿಯಲ್ಲೂ ವ್ಯತ್ಯಾಸವಿದೆ. ನಮ್ಮಲ್ಲಿ ಲೆಕ್ಕ 20 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗದಲ್ಲಿ 20 ಭಾಗ. ಎಫ್‌ಡಿಎ ಮಾರ್ಗಸೂಚಿ 10 ಪಿಪಿಎಂ. 18 ಬಂದ ರಿಪೋರ್ಟ್ ಹಿಡಿದು ‘ಪಾಸ್’ ಎಂದು ಇಲ್ಲಿ ಸಂತೋಷಪಡುವವರು ಅಲ್ಲಿ ಸಿಕ್ಕಿಬೀಳುತ್ತಾರೆ. ರಿಪೋರ್ಟಿನಲ್ಲಿ ಪಾಸ್-ಫೇಲ್ ನೋಡಬೇಡಿ, ಅಂಕಿ ನೋಡಿ.

ಸೀಗೆಪುಡಿಗೂ ಪರೀಕ್ಷೆ ಬೇಕು ಮೇಡಂ. ಡಾಂಬರು ರಸ್ತೆಯ ಅಂಚಿನಲ್ಲಿ ಒಣಗಿಸಿದ ಕಾಯಿ, ಸವೆದ ಗಿರಣಿ, ಎರಡರಿಂದಲೂ ಲೋಹದ ಅಂಶ ಸೇರಬಹುದು. ಒಣ ಪುಡಿಗೆ ಪ್ರಿಸರ್ವೇಟಿವ್ ಚಾಲೆಂಜ್ ಟೆಸ್ಟ್ (ಕೆಡದಂತೆ ಹಾಕಿದ ವಸ್ತು ಸೂಕ್ಷ್ಮಾಣುಗಳನ್ನು ತಡೆಯುತ್ತದೆಯೇ ಎಂಬ ಪರೀಕ್ಷೆ) ಬೇಡ, ಆದರೆ ಸೂಕ್ಷ್ಮಾಣುಜೀವಿಗಳ ಎಣಿಕೆ ಬೇಕೇ ಬೇಕು.

ಫ್ರೀಮಾಂಟ್_ಅಂಗಡಿ:

ಕ್ಯಾಲಿಫೋರ್ನಿಯಾದಲ್ಲಿ ದಿನಸಿ ಅಂಗಡಿ ನಡೆಸುತ್ತೇನೆ. ಎಲ್ಲರೂ ಎಫ್‌ಡಿಎ ಎಫ್‌ಡಿಎ ಅನ್ನುತ್ತಿದ್ದೀರಿ. ನಮ್ಮ ಕಡೆ ನಿದ್ದೆಗೆಡಿಸುವುದು ರಾಜ್ಯದ ಕಾನೂನು. ಮೋಕ್ರಾ ಬಂದಮೇಲೂ ಯಾವ ಪದಾರ್ಥ ನಿಷೇಧಿಸಬೇಕು ಅನ್ನುವ ಅಧಿಕಾರ ರಾಜ್ಯಗಳ ಕೈಯಲ್ಲೇ ಉಳಿದಿದೆ. 2025ರ ಜನವರಿ 1ರಿಂದ ಕ್ಯಾಲಿಫೋರ್ನಿಯಾದಲ್ಲಿ ಪಾದರಸ, ಫಾರ್ಮಾಲ್ಡಿಹೈಡ್ ಸೇರಿ 24 ಪದಾರ್ಥಗಳಿಗೆ ನಿಷೇಧ. ವಾಷಿಂಗ್ಟನ್ ರಾಜ್ಯ ತನ್ನ ಕಾನೂನಿನಲ್ಲಿ ಸೀಸಕ್ಕೆ 1 ಪಿಪಿಎಂ ಎಂದೇ ಬರೆದಿದೆ.

ಇವೆಲ್ಲಕ್ಕಿಂತ ದೊಡ್ಡದು ಕ್ಯಾಲಿಫೋರ್ನಿಯಾದ ಪ್ರೊಪೊಸಿಷನ್ 65 ಎಂಬ ಕಾನೂನು. ಸೀಸದಂಥ ವಸ್ತು ಇದ್ದು ಎಚ್ಚರಿಕೆ ಹಾಕದಿದ್ದರೆ ಸರ್ಕಾರವೇ ಬರಬೇಕೆಂದಿಲ್ಲ, ಖಾಸಗಿಯವರೂ 60 ದಿನದ ನೋಟಿಸ್ ಕೊಟ್ಟು ಕೇಸು ಹಾಕಬಹುದು. ದಂಡ ಒಂದೊಂದು ಉಲ್ಲಂಘನೆಗೆ ದಿನಕ್ಕೆ 2,500 ಡಾಲರ್‌ವರೆಗೆ. ಹತ್ತಕ್ಕಿಂತ ಕಡಿಮೆ ಕೆಲಸಗಾರರಿರುವವರಿಗೆ ಅನ್ವಯಿಸುವುದಿಲ್ಲ, ಆದರೆ ನಿಮ್ಮ ಮಾಲು ಕೊಳ್ಳುವ ದೊಡ್ಡ ವಿತರಕನಿಗೆ ಅನ್ವಯಿಸುತ್ತದೆ. ಅವನು ಅದನ್ನು ಕರಾರಿನ ಮೂಲಕ ನಿಮ್ಮ ತಲೆಗೆ ದಾಟಿಸುತ್ತಾನೆ. ಅಕ್ಕ ಬರೆದಿರುವ ಆ ಷರತ್ತು ಅದೇ.

ವಕೀಲೆ_ಮಂಗಳೂರು:

ಆ ಷರತ್ತಿನ ಬಗ್ಗೆ ನಾನು ಹೇಳುತ್ತೇನೆ. ಸಹಿ ಹಾಕುವ ಮುನ್ನ ಮೂರು ಸಂಗತಿ ನೋಡಿ.

ನಿಮ್ಮ ಘಟಕ ಪ್ರೊಪ್ರೈಟರ್‌ಶಿಪ್ ಆಗಿದ್ದರೆ ಕಂಪನಿಯ ಸಾಲ ಬೇರೆ, ಮನೆಯ ಆಸ್ತಿ ಬೇರೆ ಎಂಬ ಗೋಡೆಯೇ ಇಲ್ಲ. ತೋಟ, ಮನೆ ಎಲ್ಲ ಒಂದೇ. ರಫ್ತಿಗೆ ಇಳಿಯುವ ಮೊದಲು ಪ್ರೈವೇಟ್ ಲಿಮಿಟೆಡ್ ಅಥವಾ ಎಲ್‌ಎಲ್‌ಪಿ (ಸೀಮಿತ ಹೊಣೆಯ ಪಾಲುದಾರಿಕೆ) ಮಾಡಿಕೊಳ್ಳಿ.

ಎರಡನೆಯದನ್ನು ನಮ್ಮ ಕಡೆ ವಕೀಲರೂ ಎಷ್ಟೋ ಸಲ ಗಮನಿಸುವುದಿಲ್ಲ. ಅಮೆರಿಕದ ಕೋರ್ಟಿನ ಡಿಕ್ರಿಯನ್ನು ನೇರವಾಗಿ ತಂದು ಇಲ್ಲಿ ಜಾರಿ ಮಾಡಿಸಲು ಆಗುವುದಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 44-ಎ ಕಲಮಿನ ಕೆಳಗೆ ಆ ದೇಶ ಅಧಿಸೂಚಿತವಾಗಿಲ್ಲ, ಇಲ್ಲಿ ಮತ್ತೆ ದಾವೆ ಹೂಡಬೇಕು. ಆದರೆ ಕರಾರಿನಲ್ಲಿ ‘ವಿವಾದವೆಲ್ಲ ನ್ಯೂಯಾರ್ಕಿನಲ್ಲಿ ಆರ್ಬಿಟ್ರೇಷನ್ ಮೂಲಕ’ (ಕೋರ್ಟಿನ ಹೊರಗೆ ಮಧ್ಯಸ್ಥರ ಮುಂದೆ) ಎಂದಿದ್ದರೆ ಲೆಕ್ಕವೇ ಬೇರೆ. ಅಲ್ಲಿಯ ಆರ್ಬಿಟ್ರೇಷನ್ ತೀರ್ಪನ್ನು 1996ರ ಕಾಯ್ದೆಯ ಪ್ರಕಾರ ಇಲ್ಲಿ ಜಾರಿ ಮಾಡಿಸಬಹುದು. ಆ ಒಂದು ಸಾಲು ಎಲ್ಲಿ ಅಡಗಿದೆ ಎಂದು ಹುಡುಕಿ.

ಮೂರನೆಯದು ವಿಮೆ. ಪ್ರಾಡಕ್ಟ್ ಲಯಬಿಲಿಟಿ ಪಾಲಿಸಿ ಇದೆ ಅನ್ನುತ್ತಾರೆ, ತೆರೆದು ನೋಡಿದರೆ ‘ಅಮೆರಿಕ, ಕೆನಡಾ ಹೊರತುಪಡಿಸಿ’ ಎಂದಿರುತ್ತದೆ. ಅದನ್ನು ಸೇರಿಸಿದರೆ ಕಂತು ಬಹಳ ಏರುತ್ತದೆ, ಆದರೂ ಸೇರಿಸದೆ ಒಂದು ಪೆಟ್ಟಿಗೆಯನ್ನೂ ಕಳಿಸಬೇಡಿ. ಷರತ್ತಿನಲ್ಲಿ ಹೊಣೆಗೆ ಗರಿಷ್ಠ ಮೊತ್ತ ಹಾಕಿಸಿ. ವಿತರಕ ಬಿಸಿಲಲ್ಲಿ ಗೋದಾಮು ಮಾಡಿ ಎಣ್ಣೆ ಕೆಡಿಸಿದ್ದಕ್ಕೆ ನೀವು ಹೊಣೆಯಲ್ಲ ಎಂದು ಬರೆಸಿ.

ಕೋರ್ಟಿನ ಭಯ ಉತ್ಪ್ರೇಕ್ಷೆಯಲ್ಲ. ಜಾನ್ಸನ್ ಅಂಡ್ ಜಾನ್ಸನ್ ಟಾಲ್ಕ್ ಪೌಡರನ್ನು ಅಮೆರಿಕ, ಕೆನಡಾದಲ್ಲಿ ನಿಲ್ಲಿಸುತ್ತೇವೆಂದು 2020ರಲ್ಲಿ ಹೇಳಿತು, 2023ರಲ್ಲಿ ಜಗತ್ತಿನಲ್ಲೆಲ್ಲ ನಿಲ್ಲಿಸಿತು. ಹಾಗೆ ಮಾಡಿಸಿದ್ದು ಎಫ್‌ಡಿಎ ಆದೇಶವಲ್ಲ, ಸಾವಿರಾರು ದಾವೆಗಳು. ದಿವಾಳಿ ಪ್ರಕ್ರಿಯೆಯ ಮೂಲಕ ಅವನ್ನೆಲ್ಲ ಒಟ್ಟಿಗೆ ಮುಗಿಸುವ ಅವರ ಮೂರನೆಯ ಪ್ರಯತ್ನವನ್ನೂ 2025ರ ಮಾರ್ಚ್ 31ರಂದು ಕೋರ್ಟು ತಳ್ಳಿಹಾಕಿತು. ಇತ್ತ ಟಾಲ್ಕ್‌ನಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇದೆಯೇ ಎಂದು ಪರೀಕ್ಷಿಸುವ ನಿಯಮಕ್ಕೆ ಎಫ್‌ಡಿಎ 2024ರ ಡಿಸೆಂಬರ್‌ನಲ್ಲಿ ಕರಡು ಹೊರಡಿಸಿ ಮರುವರ್ಷ ವಾಪಸ್ ತೆಗೆದುಕೊಂಡಿತು. ನಿಯಮ ಇಲ್ಲ ಎಂದು ದಾವೆ ಇಲ್ಲದೆ ಹೋಗುವುದಿಲ್ಲ.

ಶಿರಸಿ_ಸೀಗೆ:

ತುಂಬ ಉಪಕಾರವಾಯಿತು. ಓದುತ್ತಾ ಕೈಕಾಲು ತಣ್ಣಗಾದವು, ಆದರೂ ತಿಳಿಯಬೇಕಾದ್ದೇ. ಕರಾರು ತೆಗೆದು ನೋಡಿದೆ, ಆರ್ಬಿಟ್ರೇಷನ್ ಸಾಲು ಹದಿನಾಲ್ಕನೇ ಪುಟದಲ್ಲಿದೆ, ಅದೂ ನ್ಯೂಯಾರ್ಕಿನಲ್ಲೇ.

ಅಡ್ಡಪರಿಣಾಮ ವರದಿ ಅನ್ನುವುದು ನಮ್ಮಂಥವರಿಗೆ ಹೇಗೆ ಅನ್ವಯಿಸುತ್ತದೆ? ದೂರು ಬರುವುದು ಬಹಳ ಕಡಿಮೆ. ಬಂದರೂ ವಾಟ್ಸಾಪಿನಲ್ಲಿ. ‘ತಲೆ ತುರಿಸ್ತಾ ಇದೆ’ ಅಂತ ಬರೆಯುತ್ತಾರೆ, ನಾವು ದುಡ್ಡು ವಾಪಸ್ ಕೊಡುತ್ತೇವೆ ಅಥವಾ ಬೇರೆ ಬಾಟಲಿ ಕಳಿಸುತ್ತೇವೆ. ಅಲ್ಲಿಗೆ ಮುಗಿಯುತ್ತದೆ.

ಎಡಿಸನ್_ಕನ್ನಡಿಗ:

ಅಕ್ಕ, ನೋಂದಣಿ, ಏಜೆಂಟ್ ಎಲ್ಲ ದುಡ್ಡು ಕೊಟ್ಟರೆ ಆಗುವ ಕೆಲಸ. ಇದೊಂದನ್ನು ನೀವೇ ಮಾಡಬೇಕು. ಸಣ್ಣವರು ಮುಳುಗುವುದೂ ಇಲ್ಲೇ, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ.

ಇಲ್ಲಿ ವೆನ್ ಅನ್ನುವ ಹೆಸರಿನ ತಲೆ ತೊಳೆಯುವ ಕಂಡಿಷನರ್ ಇತ್ತು. ಟಿವಿ ಜಾಹೀರಾತಿನಿಂದ ಮನೆಮನೆಗೆ ಹೋಗಿತ್ತು. ಕೂದಲು ಕಿತ್ತು ಬರುತ್ತಿದೆ, ನೆತ್ತಿಯಲ್ಲಿ ತುರಿಕೆ, ದದ್ದು ಎಂದು ಜನ ದೂರಿದರು. 2016ರ ಹೊತ್ತಿಗೆ ಎಫ್‌ಡಿಎಗೆ ನೇರವಾಗಿ ಬಂದಿದ್ದ ದೂರು 127. ತನಿಖೆ ಮಾಡಿದಾಗ ಕಂಪನಿಯ ಕಡೆಗೆ ಬಂದಿದ್ದ ದೂರುಗಳು 21,000ಕ್ಕೂ ಹೆಚ್ಚು ಎಂದು ಗೊತ್ತಾಯಿತು. ಅವನ್ನು ಎಫ್‌ಡಿಎಗೆ ತಿಳಿಸಬೇಕೆಂಬ ಕಾನೂನೇ ಆಗ ಇರಲಿಲ್ಲ. ಇಷ್ಟೂ ಜನ ಬರೆದಿದ್ದರು, ಯಾರೋ ಓದಿದ್ದರು, ಉತ್ತರವನ್ನೂ ಕೊಟ್ಟಿರಬೇಕು, ಸರ್ಕಾರಕ್ಕೆ ಮಾತ್ರ ತಲುಪಲಿಲ್ಲ. ನನಗೆ ಈಗಲೂ ಇದನ್ನು ನೆನೆದರೆ ಸಂಕಟವಾಗುತ್ತದೆ. ಮೋಕ್ರಾದಲ್ಲಿ ಅಡ್ಡಪರಿಣಾಮದ ವರದಿ ಕಡ್ಡಾಯವಾದದ್ದರ ಹಿಂದೆ ಈ ಪ್ರಕರಣ ಇದೆ.

ಈಗಿನ ನಿಯಮ ಹೀಗಿದೆ. ಗಂಭೀರ ಅಡ್ಡಪರಿಣಾಮದ ವಿಷಯ ಜವಾಬ್ದಾರ ವ್ಯಕ್ತಿಗೆ ತಿಳಿದ 15 ಕೆಲಸದ ದಿನಗಳೊಳಗೆ ಎಫ್‌ಡಿಎಗೆ ವರದಿ ಹೋಗಬೇಕು, ಲೇಬಲ್‌ನ ಪ್ರತಿಯ ಜೊತೆಗೆ. ಒಂದು ವರ್ಷದೊಳಗೆ ಹೊಸ ವೈದ್ಯಕೀಯ ಮಾಹಿತಿ ಬಂದರೆ ಮತ್ತೆ 15 ಕೆಲಸದ ದಿನದೊಳಗೆ ಅದನ್ನೂ ಕಳಿಸಬೇಕು. ಗಂಭೀರ ಅಂದರೆ ಸಾವು, ಆಸ್ಪತ್ರೆ ಸೇರುವುದು ಮಾತ್ರ ಅಲ್ಲ. ಸೋಂಕು, ಗಣನೀಯವಾಗಿ ಕೂದಲು ಉದುರುವುದು, ವಾಸಿಯಾಗದೆ ಉಳಿಯುವ ತೀವ್ರ ದದ್ದು, ಸುಟ್ಟ ಗಾಯ, ಮುಖಚಹರೆ ಕೆಡುವುದು, ಇವೂ ಸೇರುತ್ತವೆ.

‘ತಲೆ ತುರಿಸ್ತಾ ಇದೆ’ ಎಂಬ ಸಂದೇಶ ಗಂಭೀರವೋ ಅಲ್ಲವೋ ಎಂದು ನಿಮಗೆ ಗೊತ್ತಾಗುವುದು ಮರುಪ್ರಶ್ನೆ ಕೇಳಿದರೆ ಮಾತ್ರ. ಎಷ್ಟು ದಿನದಿಂದ? ಗಾಯವಾಗಿದೆಯಾ? ಕೂದಲು ಉದುರುತ್ತಿದೆಯಾ? ಡಾಕ್ಟರ ಹತ್ತಿರ ಹೋದಿರಾ? ಬಾಟಲಿಯ ಕೆಳಗಿನ ಬ್ಯಾಚ್ ನಂಬರ್ ಏನು? ಇನ್ನೇನೇನು ಹಚ್ಚುತ್ತಿದ್ದೀರಿ? ಇದನ್ನೆಲ್ಲ ಒಂದು ರಿಜಿಸ್ಟರಿನಲ್ಲಿ ಬರೆದಿಡಬೇಕು. ವಾಟ್ಸಾಪಿನಲ್ಲಿ ಬಿಟ್ಟರೆ ಮೊಬೈಲ್ ಬದಲಾದ ದಿನ ಎಲ್ಲ ಹೋಯಿತು. ದುಡ್ಡು ವಾಪಸ್ ಕೊಟ್ಟರೆ ದೂರು ಮುಗಿಯುವುದಿಲ್ಲ ಅಕ್ಕ. ಕೋರ್ಟಿನಲ್ಲಿ ಎದುರು ಪಕ್ಷದ ವಕೀಲ ಮೊದಲು ಕೇಳುವುದೇ ‘ಇದು ನಿಮಗೆ ಯಾವಾಗ ಗೊತ್ತಾಯಿತು’ ಎಂದು.

ಲೇಬಲ್ ಮೇಲೆ ದೂರು ಕೊಡಲು ಅಮೆರಿಕದ ವಿಳಾಸ, ಅಮೆರಿಕದ ಫೋನ್ ಸಂಖ್ಯೆ ಅಥವಾ ವೆಬ್‌ಸೈಟ್, ಇಮೇಲ್ ಇರಬೇಕೆಂಬ ನಿಯಮ 2024ರ ಡಿಸೆಂಬರ್ 29ರಿಂದ ಇದೆ. ಆ ಇಮೇಲನ್ನು ದಿನಾ ನೋಡುವವರು ಯಾರು ಎಂದು ಮೊದಲು ಗೊತ್ತುಮಾಡಿ.

ದೇರಳಕಟ್ಟೆ_ನರ್ಸ್:

ನಾನು ಕಿಡ್ನಿ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಎಡಿಸನ್ ಅಣ್ಣ ಹೇಳಿದ್ದು ನೂರಕ್ಕೆ ನೂರು ನಿಜ. 2023ರಲ್ಲಿ ಕೇರಳದ ಮಲಪ್ಪುರಂ ಕಡೆ ಬಿಳಿಯಾಗಿಸುವ ಕ್ರೀಮ್ ಹಚ್ಚಿದವರಿಗೆ ಕಿಡ್ನಿ ತೊಂದರೆ ಬಂತಲ್ಲ, ಪಾದರಸದಿಂದ. ಕಾಲು ಊದಿಕೊಂಡು ಬರುವ ರೋಗಿ ತಾನಾಗಿಯೇ ಕ್ರೀಮಿನ ಹೆಸರು ಹೇಳುವುದಿಲ್ಲ. ಅದಕ್ಕೂ ಇದಕ್ಕೂ ಸಂಬಂಧ ಇದೆ ಎಂದು ಅವರಿಗೆ ಹೊಳೆಯುವುದೇ ಇಲ್ಲ, ನಾವು ಕೇಳಬೇಕು. ಡಬ್ಬಿಯ ಮೇಲೆ ತಯಾರಕರ ಹೆಸರೇ ಇಲ್ಲದಿದ್ದರೆ ಯಾರಿಗೆ ಹೇಳುವುದು? ಕಾನೂನು ಎಂದರೆ ಕಂಪನಿಗೆ ಕಿರುಕುಳ ಎಂದು ದಯವಿಟ್ಟು ನೋಡಬೇಡಿ.

ಹುಬ್ಬಳ್ಳಿ_ಎಕ್ಸ್‌ಪೋರ್ಟ್:

ಆತು ತಂಗಿ, ಒಪ್ಕೊಂಡೆ. ನಾ ವ್ಯಾಪಾರದ ಮಾತು ಆಡಿದ್ದು. ಒಂದು ಸಂಶಯ ಐತಿ ನೋಡ್ರಿ. ಒಂದು ಮಾಲಿನಾಗ ತಪ್ಪು ಸಿಕ್ರ ಆ ಒಂದ ಮಾಲು ನಿಲ್ಲಸ್ತಾರೋ, ಪೂರ್ತಿ ಘಟಕಾನ ಬಂದ್ ಮಾಡ್ತಾರೋ? ನಮ್ಮಲ್ಲೆ ನಲವತ್ತು ಐಟಮ್ ಅದಾವ.

ಎಡಿಸನ್_ಕನ್ನಡಿಗ:

ಎರಡೂ ಸಾಧ್ಯ ಸರ್. ಮಾಲು ಅಪಾಯಕಾರಿ ಎಂದು ಕಂಡು, ನೀವಾಗಿ ವಾಪಸ್ ಪಡೆಯದಿದ್ದರೆ ಎಫ್‌ಡಿಎ ಕಡ್ಡಾಯ ರಿಕಾಲ್ ಆದೇಶ ಕೊಡಬಹುದು. ಮೋಕ್ರಾಗೆ ಮುಂಚೆ ಈ ಅಧಿಕಾರ ಇರಲಿಲ್ಲ. ಒಂದು ಮಾಲಿನಿಂದ ಗಂಭೀರ ಹಾನಿಯಾಗುವ ಸಂಭವವಿದ್ದು, ಅದೇ ದೋಷ ಅದೇ ಘಟಕದ ಬೇರೆ ಮಾಲಿಗೂ ತಟ್ಟಿರಬಹುದು ಎಂದು ಅನ್ನಿಸಿದರೆ ಘಟಕದ ನೋಂದಣಿಯನ್ನೇ ಅಮಾನತು ಮಾಡಬಹುದು. ಆಗ ನಲವತ್ತೂ ನಿಂತವು. ಹಾಗಾಗಿ ಕಾಡಿಗೆಯ ಪಾತ್ರೆ, ಸೀಗೆಪುಡಿಯ ಗಿರಣಿ, ಎಣ್ಣೆಯ ಕೊಪ್ಪರಿಗೆ ಇವನ್ನು ಬೇರೆಬೇರೆ ಇಟ್ಟು, ಪ್ರತಿ ಬ್ಯಾಚಿಗೂ ತೊಳೆದ ದಾಖಲೆ ಬರೆಯಿರಿ. ದೋಷ ಒಂದೇ ಕಡೆ ಇತ್ತು ಎಂದು ತೋರಿಸಲು ಆ ಹಾಳೆ ಬೇಕಾಗುತ್ತದೆ.

ಶಿರಸಿ_ಸೀಗೆ:

ಮನೆಯಲ್ಲಿ ಕೂತು ಮಾತಾಡಿದೆವು. ಕಾಡಿಗೆ, ಕುಂಕುಮ ಸದ್ಯ ಕಳಿಸುವುದಿಲ್ಲ. ನಮ್ಮ ಅತ್ತೆಯವರಿಗೆ ಬೇಸರವಾಯಿತು, ಕಾಡಿಗೆ ಅವರ ಕೈಯದು. ಇಲ್ಲಿ ಮಾರುತ್ತಲೇ ಇರುತ್ತೇವೆ. ಮೊದಲ ಲೋಡಿಗೆ ಸೀಗೆಪುಡಿ, ಸ್ನಾನದ ಪುಡಿ, ತಲೆಗೆಣ್ಣೆ ಮಾತ್ರ.

ದೂರಿನ ರಿಜಿಸ್ಟರು ಶುರು ಮಾಡಿದ್ದೇವೆ, ಪ್ಯಾಕಿಂಗ್ ನೋಡಿಕೊಳ್ಳುವ ಹುಡುಗಿಗೆ ಆ ಹೊಣೆ. ಇಲ್ಲಿಯ ಗ್ರಾಹಕರ ದೂರನ್ನೂ ಅದರಲ್ಲೇ ಬರೆಸುತ್ತಿದ್ದೇವೆ.

ಇನ್ನೆರಡು ಪ್ರಶ್ನೆ. ಎಣ್ಣೆಯ ಲೇಬಲ್ ಮೇಲೆ ‘ಕೂದಲು ಉದುರುವುದನ್ನು ತಡೆಯುತ್ತದೆ, ಒಳ್ಳೆಯ ನಿದ್ರೆ ತರುತ್ತದೆ’ ಎಂದಿದೆ. ಇದು ಇರಬಹುದಾ? ಮತ್ತೆ ಸುರಕ್ಷತಾ ಫೈಲಿನಲ್ಲಿ ‘ತಲೆಮಾರುಗಳಿಂದ ಬಳಕೆಯಲ್ಲಿದೆ’ ಎಂದು ಬರೆದರೆ ಒಪ್ಪುತ್ತಾರಾ?

ಎಡಿಸನ್_ಕನ್ನಡಿಗ:

ಎರಡು ಸಾಲನ್ನೂ ತೆಗೆಯಿರಿ ಅಕ್ಕ. ದೇಹದ ಕ್ರಿಯೆ ಬದಲಿಸುತ್ತೇನೆ, ರೋಗ ವಾಸಿ ಮಾಡುತ್ತೇನೆ ಎಂದ ಕೂಡಲೇ ಅಲ್ಲಿ ಅದು ಕಾಸ್ಮೆಟಿಕ್ ಅಲ್ಲ, ಔಷಧ. ಒಪ್ಪಿಗೆ ಪಡೆಯದ ಹೊಸ ಔಷಧ ಮಾರಿದಂತಾಗುತ್ತದೆ. ‘ಕೂದಲಿಗೆ ಮೃದುತ್ವ, ಹೊಳಪು’ ಎಂದಿದ್ದರೆ ಸಾಕು. ವೆಬ್‌ಸೈಟ್, ಇನ್‌ಸ್ಟಾಗ್ರಾಂನಲ್ಲಿ ಬರೆದದ್ದನ್ನೂ ಅವರು ನೋಡುತ್ತಾರೆ, ಅಲ್ಲೂ ಬದಲಿಸಿ.

ತಲೆಮಾರಿನ ಬಳಕೆಯನ್ನು ಬರೆಯಿರಿ, ಆದರೆ ಅದೊಂದೇ ಸಾಲದು. ಅರ್ಹ ತಜ್ಞರು ನೋಡಿ ಸುರಕ್ಷಿತ ಎಂದು ಒಪ್ಪುವಷ್ಟು ಪರೀಕ್ಷೆ ಅಥವಾ ಅಧ್ಯಯನದ ಆಧಾರ ಇರಬೇಕು ಅನ್ನುತ್ತದೆ ಕಾನೂನು. ಪ್ರತಿ ಪದಾರ್ಥದ ಸಸ್ಯಶಾಸ್ತ್ರೀಯ ಹೆಸರು, ಪ್ರಮಾಣ, ಲೋಹ ಮತ್ತು ಸೂಕ್ಷ್ಮಾಣು ಪರೀಕ್ಷೆ, ಚರ್ಮದ ಪ್ಯಾಚ್ ಟೆಸ್ಟ್, ಕೊನೆಯಲ್ಲಿ ಟಾಕ್ಸಿಕಾಲಜಿ (ವಿಷಶಾಸ್ತ್ರ) ಓದಿದವರೊಬ್ಬರ ಸಹಿ ಮಾಡಿದ ಮೌಲ್ಯಮಾಪನ.

ಪೀಣ್ಯ_ಲ್ಯಾಬ್:

ಮಾದರಿ ಕಳಿಸುವಾಗ ಮೂರು ಬೇರೆಬೇರೆ ಬ್ಯಾಚಿನವು ಕಳಿಸಿ ಮೇಡಂ, ಮಾರಾಟದ ಡಬ್ಬಿಯಲ್ಲೇ, ಮೊಹರು ಒಡೆಯದೆ. ಪರೀಕ್ಷೆಗೆಂದು ಪ್ರತ್ಯೇಕವಾಗಿ ಒಳ್ಳೆಯ ಪುಡಿ ಆರಿಸಿ ಕಳಿಸುವವರಿದ್ದಾರೆ, ಅದರಿಂದ ಯಾರಿಗೂ ಉಪಯೋಗವಿಲ್ಲ. ಸೀಸ, ಆರ್ಸೆನಿಕ್, ಪಾದರಸ, ಕ್ಯಾಡ್ಮಿಯಂ ನಾಲ್ಕನ್ನೂ ಲೋಹದ ಅಂಶವನ್ನು ಸೂಕ್ಷ್ಮವಾಗಿ ಅಳೆಯುವ ಐಸಿಪಿ-ಎಂಎಸ್ ಯಂತ್ರದಲ್ಲಿ ಮಾಡಿಸಿ, ರಿಪೋರ್ಟಿನಲ್ಲಿ ಅಂಕಿ ಬರಲಿ ಎಂದು ಅರ್ಜಿಯಲ್ಲೇ ಬರೆಯಿರಿ. ಪ್ರತಿ ಬ್ಯಾಚಿನ ಎರಡು ಡಬ್ಬಿ ನಿಮ್ಮ ಕಪಾಟಿನಲ್ಲೂ ಇರಲಿ. ಅಲ್ಲಿಂದ ದೂರು ಬಂದರೆ ಅದೇ ಬ್ಯಾಚನ್ನು ಮತ್ತೆ ಪರೀಕ್ಷಿಸಲು ಬೇಕು.

ಹುಬ್ಬಳ್ಳಿ_ಎಕ್ಸ್‌ಪೋರ್ಟ್:

ಅಕ್ಕಾರ, ಆ ರಿಜಿಸ್ಟರಿನ ಒಂದು ಹಾಳಿ ಫೋಟೋ ತೆಗದು ಇಲ್ಲೆ ಹಾಕ್ತೀರೇನು? ಗ್ರಾಹಕರ ಹೆಸರು, ನಂಬರ್ ಮುಚ್ಚಿ ಹಾಕ್ರಿ. ನಮ್ಮಲ್ಲೂ ಇದ ಸೋಮವಾರದಿಂದ ಚಾಲೂ ಮಾಡಸ್ತೀನಿ.